ಐದನೇ ಬೌಲರ್ ಯಾರು, ಮೊದಲು ಅದು ಹೇಳಿ

ಇಂಟರ್-ಕಾಲೇಜ್ ಕ್ರಿಕೆಟ್ ಹತ್ತಿರ ಬಂತು ಅಂದ್ರೆ ಕ್ಯಾಂಟೀನಲ್ಲಿ ನಾವೆಲ್ಲರೂ ಸೆಲೆಕ್ಟರ್‌ಗಳೇ. ಯಾವ ಕಾಲೇಜಿನ ಟೀಮ್ ಸ್ಟ್ರಾಂಗು ಅನ್ನೋ ಲೆಕ್ಕ ಶುರುವಾಗೋದು ಓಪನರ್‌ಗಳಿಂದ. ಅಲ್ಲೊಬ್ಬ ಸಿಕ್ಸರ್ ಮೇಲೆ ಸಿಕ್ಸರ್ ಹೊಡೀತಾನಂತೆ, ಇಲ್ಲೊಬ್ಬ ಲೀಗ್ ಆಡ್ತಾನಂತೆ. ಬೌಲಿಂಗ್ ಹೇಗೆ ಅಂತ ಕೇಳಿದ್ರೆ, 'ಇದಾನೆ ಬಿಡು ಗುರು, ಒಬ್ಬ ಸಕತ್ ಫಾಸ್ಟು' ಅಂತ ಮಾತು ಮುಗಿದುಹೋಗುತ್ತೆ. ಈ ಲೆಕ್ಕ ತಲೆಕೆಳಗಾಗಿದೆ ಅನ್ನೋದು ನಮ್ಮ ವಾದ.

ಟಿ20 ಅಂದ್ರೆ 120 ಬಾಲ್. ಒಬ್ಬ ಬೌಲರ್‌ಗೆ 4 ಓವರ್ ಮಿತಿ, ಅಂದ್ರೆ 24 ಬಾಲ್. ನಿಮ್ಮ 'ಸಕತ್ ಫಾಸ್ಟು' ಬೌಲರ್ ಎಷ್ಟೇ ಚೆನ್ನಾಗಿ ಹಾಕಿದ್ರೂ ಇನಿಂಗ್ಸ್‌ನ ಐದನೇ ಒಂದು ಭಾಗ ಮಾತ್ರ ಅವನದ್ದು. ಉಳಿದ 96 ಬಾಲ್ ಯಾರು ಹಾಕ್ತಾರೆ? ಒಳ್ಳೆ ಬ್ಯಾಟ್ಸ್‌ಮನ್ ಒಬ್ಬನೇ 20 ಓವರ್ ನಿಂತು ಆಡಬಹುದು. ಬೌಲರ್‌ಗೆ ಆ ಅವಕಾಶ ರೂಲ್ ಪುಸ್ತಕದಲ್ಲೇ ಇಲ್ಲ. ಹಾಗಾಗಿ ಟೀಮಿನ ತೂಕ ಗೊತ್ತಾಗೋದು ಮೊದಲನೇ ಬೌಲರ್‌ನಿಂದಲ್ಲ, ನಾಲ್ಕನೇ ಮತ್ತು ಐದನೇ ಬೌಲರ್‌ನಿಂದ.

ಅಮೆರಿಕದ ಕಾಲೇಜು ಬೇಸ್‌ಬಾಲ್ ನೋಡಿ. ಅಲ್ಲಿ ಶುಕ್ರವಾರ, ಶನಿವಾರ, ಭಾನುವಾರ ಒಂದೇ ಎದುರಾಳಿ ಜೊತೆ ಮೂರು ಪಂದ್ಯ ಆಡೋದು ರೂಢಿ. ಶುಕ್ರವಾರ ಪಂದ್ಯ ಶುರು ಮಾಡಿ ತುಂಬಾ ಹೊತ್ತು ಎಸೆದ ಪಿಚರ್‌ಗೆ ಆಮೇಲೆ ಕೆಲವು ದಿನ ರೆಸ್ಟ್ ಬೇಕು. ಅದಕ್ಕೆ ಸೀಸನ್‌ಗೆ ಮುಂಚೆ ಟೀಮ್ ಅಳೆಯೋರು ಕೇಳೋ ಪ್ರಶ್ನೆ, ಶನಿವಾರಕ್ಕೆ ಯಾರಿದ್ದಾರೆ, ಭಾನುವಾರಕ್ಕೆ ಯಾರಿದ್ದಾರೆ ಅಂತ. ನಮ್ಮದು ನಾಕೌಟ್. ಗೆದ್ದ ಟೀಮ್ ಮರುದಿನವೇ ಮತ್ತೆ ಮೈದಾನಕ್ಕೆ ಇಳಿಯಬೇಕಾಗಬಹುದು. ಆದ್ರೂ ಈ ಪ್ರಶ್ನೆ ನಾವು ಕೇಳೋದೇ ಇಲ್ಲ.

'180 ಹೊಡೆದ್ರೆ ಮುಗೀತು, ಬೌಲಿಂಗ್ ಯಾರು ನೋಡ್ತಾರೆ' ಅನ್ನೋರಿಗೆ ನಮ್ಮ ರಾಜ್ಯದ ಟೀಮೇ ಉತ್ತರ. 2014-15ರ ರಣಜಿ ಫೈನಲ್ ಅಂದ್ರೆ ಎಲ್ಲರಿಗೂ ಕರುಣ್ ನಾಯರ್ ಹೊಡೆದ 328 ನೆನಪು. ಆದರೆ ಅದಕ್ಕೂ ಮುಂಚೆ ವಿನಯ್ ಕುಮಾರ್ ಐದು ವಿಕೆಟ್ ತೆಗೆದು, ತಮಿಳುನಾಡು 134ಕ್ಕೆ ಆಲೌಟ್ ಆಗಿತ್ತು. ಆ ವರ್ಷ ಮತ್ತು ಅದರ ಹಿಂದಿನ ವರ್ಷ ಕರ್ನಾಟಕ ಸತತವಾಗಿ ರಣಜಿ ಗೆದ್ದಾಗ ವಿನಯ್ ಜೊತೆ ಮಿಥುನ್, ಅರವಿಂದ್ ಇದ್ದರು. ಒಬ್ಬ ಸುಸ್ತಾದ್ರೆ ಇನ್ನೊಬ್ಬ ರೆಡಿ. ನಮ್ಮ ಇಂಜಿನಿಯರ್‌ಗಳ ಉದಾಹರಣೆನೇ ಬೇಕಾ? 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದ ಕುಂಬ್ಳೆ ಆರ್‌ವಿ ಕಾಲೇಜಿನ ಮೆಕ್ಯಾನಿಕಲ್ ವಿದ್ಯಾರ್ಥಿ. ಕೊನೆಯಲ್ಲಿ ಇನ್ನೊಂದು ತುದಿಯಿಂದ ವಿಕೆಟ್ ಬೀಳದ ಹಾಗೆ ವೈಡಾಗಿ ಹಾಕಿದ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯವರು. ಹತ್ತು ವಿಕೆಟ್‌ಗೂ ಜೊತೆಗಾರ ಬೇಕು.

ಇನ್ನು ನಮ್ಮ ಕಡೆಯ ವಿಷಯ. ನರಸಾಪುರದ ಸುತ್ತಮುತ್ತ ಭಾನುವಾರ ಬಂತು ಅಂದ್ರೆ ಟೆನ್ನಿಸ್ ಬಾಲ್ ಮ್ಯಾಚು. ಅಲ್ಲಿ ಹೆಸರು ಮಾಡಿದವನನ್ನೇ ನಾವು ಕಾಲೇಜು ಟೀಮಿನ ಬೌಲರ್ ಅಂತ ತೀರ್ಮಾನ ಮಾಡಿಬಿಡ್ತೀವಿ. ಮಾಮೂಲಿ ಟೆನ್ನಿಸ್ ಬಾಲ್ ಸುಮಾರು 58 ಗ್ರಾಂ. ಲೆದರ್ ಬಾಲ್ 155.9ರಿಂದ 163 ಗ್ರಾಂ, ಮೇಲೆ ಎದ್ದು ನಿಂತ ಹೊಲಿಗೆ ಬೇರೆ. ಟೆನ್ನಿಸ್ ಬಾಲಲ್ಲಿ ಬರೀ ವೇಗದಿಂದ ಗೆದ್ದವನು ಲೆದರ್‌ನಲ್ಲಿ ಸೀಮ್ ನೆಟ್ಟಗೆ ಇಡಕ್ಕಾಗದೆ ಒದ್ದಾಡಬಹುದು. ಅಲ್ಲಿ ಸುಮ್ಮನೆ ಹೊಡೆಸಿಕೊಳ್ತಿದ್ದ ಸ್ಪಿನ್ನರ್‌ಗೆ ಇಲ್ಲಿ ಮ್ಯಾಟ್ ಮೇಲೆ ಒಳ್ಳೆ ತಿರುವು ಸಿಗಬಹುದು. ಅಂದ್ರೆ ನಮ್ಮ ಡೇಟಾನೇ ಬೇರೆ ಆಟದ್ದು.

ಸೋಲು-ಗೆಲುವಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಒಬ್ಬನೇ ಬೌಲರ್ ಇರೋ ಟೀಮಿನಲ್ಲಿ ನೆಟ್ಸಲ್ಲೂ ಅವನೇ, ಪ್ರಾಕ್ಟೀಸ್ ಮ್ಯಾಚಲ್ಲೂ ಅವನೇ, ಭಾನುವಾರ ಊರಿನ ಟೀಮಿಗೂ ಅವನೇ. ನಮ್ಮ ವಯಸ್ಸಿನ ವೇಗದ ಬೌಲರ್‌ಗಳಿಗೆ ಸೊಂಟದ ಮೂಳೆಯಲ್ಲಿ ಬಿರುಕು ಬರೋದು ಅಪರೂಪ ಅಲ್ಲ. ಬಂದ್ರೆ ತಿಂಗಳುಗಟ್ಟಲೆ ಆಟ ಬಂದ್. ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ಇದೆ. ಅಲ್ಲಿ ಒಂದೇ ಮಷೀನನ್ನ ಮೆಂಟೆನೆನ್ಸ್ ಇಲ್ಲದೆ ಮೂರೂ ಶಿಫ್ಟ್ ಓಡಿಸಿ ಅಂದ್ರೆ ಯಾವ ಇಂಜಿನಿಯರ್ ಒಪ್ತಾನೆ? ಮಷೀನಿಗೆ ಕೊಡೋ ಮರ್ಯಾದೆನ ಕ್ಲಾಸ್‌ಮೇಟ್ ಬೆನ್ನಿಗೂ ಕೊಡೋಣ.

ಇದಕ್ಕೆ ದುಡ್ಡೇನೂ ಬೇಕಿಲ್ಲ. ಟ್ರಯಲ್ಸ್‌ನಲ್ಲಿ ಬೌಲರ್‌ಗೆ ಆರು ಬಾಲ್ ಕೊಟ್ಟು ಕಳಿಸಬೇಡಿ. ಲೆದರ್ ಬಾಲ್ ಕೊಟ್ಟು ಪೂರ್ತಿ 4 ಓವರ್ ಹಾಕಿಸಿ. ಮೊದಲನೇ ಓವರ್ ಎಲ್ಲರೂ ಚೆನ್ನಾಗೇ ಹಾಕ್ತಾರೆ, ನಾಲ್ಕನೇದು ನೋಡಿ. ಯಾರು ಯಾವ ದಿನ ಎಷ್ಟು ಬಾಲ್ ಹಾಕಿದ್ರು ಅಂತ ಒಂದು ನೋಟ್‌ಬುಕ್ ಇಡಿ. ನೆಟ್ಸಲ್ಲಿ ಬ್ಯಾಟ್ಸ್‌ಮನ್‌ಗಳೂ ಬೌಲ್ ಮಾಡಲಿ. ಫೈನಲ್ ಇಯರ್‌ನವರು ಪ್ಲೇಸ್‌ಮೆಂಟ್ ಡ್ರೈವ್ ಅಂತ ಹೋದ ದಿನ ಅವರ ಓವರ್ ಯಾರು ಹಾಕ್ತಾರೆ ಅಂತ ಈಗಲೇ ಬರೆದಿಡಿ. ಆ ಜಾಗಕ್ಕೆ ಫಸ್ಟ್ ಇಯರ್ ಹುಡುಗನೊಬ್ಬ ರೆಡಿಯಾದ್ರೆ ಮುಂದಿನ ಮೂರು ಸೀಸನ್‌ಗೂ ಲಾಭ.

ಈ ಸಲ ಕ್ಯಾಂಟೀನಲ್ಲಿ ಯಾರಾದ್ರೂ 'ಕಪ್ ನಮ್ದೇ' ಅಂದ್ರೆ ಓಪನರ್ ಹೆಸರು ಕೇಳಬೇಡಿ. ಐದು ಬೌಲರ್‌ಗಳ ಹೆಸರು ಕೇಳಿ. ಮೂರಕ್ಕೇ ನಿಂತುಹೋದ್ರೆ, ಟ್ರಯಲ್ಸ್ ಇನ್ನೂ ಮುಗಿದಿಲ್ಲ ಅಂತ ಅರ್ಥ.