ಕಪ್ಪು ಲೋಟದ ಕ್ಲೈಮ್ಯಾಕ್ಸ್ ಸೀದುಹೋಯ್ತು!

ಸ್ನೇಹಿತನ ಸಿನಿಮಾ ನೋಡಿ ಹೊರಗೆ ಬರ್ತೀರಿ. ಬಾಗಿಲಲ್ಲೇ ಅವನು ನಿಂತು, "ಹೆಂಗಿತ್ತು ಗುರೂ?" ಅಂತಾನೆ. ಏನು ಹೇಳ್ತೀರಿ? ಹೋದ ಶುಕ್ರವಾರ ನನಗೆ ಅದೇ ಪೇಚು. ಆದರೆ ಸಿನಿಮಾ ಅಲ್ಲ ಸ್ವಾಮಿ, ಬಿಯರು! (ಇಪ್ಪತ್ತೊಂದು ತುಂಬದ ತಮ್ಮಂದಿರು ಓದಿಕೊಳ್ಳಿ, ಸಾಕು.)

ಪಿ.ಯು.ಸಿ.ಯಲ್ಲಿ ನನ್ನ ಪಕ್ಕ ಕೂತಿದ್ದವನು. ನಾನು ಅರ್ಧಕ್ಕೇ ಬಿಟ್ಟು ಥಿಯೇಟರು, ಸ್ಟುಡಿಯೊ ಅಂತ ಅಲೆದೆ. ಅವನು ಕೆಮಿಸ್ಟ್ರಿ ಓದಿ ಬೆಂಗಳೂರಿನ ಒಂದು ಮೈಕ್ರೊಬ್ರೂವರಿ ಸೇರಿದ. ಇಷ್ಟು ದಿನ ಇನ್ನೊಬ್ಬರ ಕೈಕೆಳಗಿದ್ದವನಿಗೆ ಈಗ ಮೊದಲ ಸಲ ಒಂದಿಡೀ ಟ್ಯಾಂಕು ಸಿಕ್ಕಿದೆ. "ಸಂಜೆ ಮಾಲೀಕರು ರುಚಿ ನೋಡ್ತಾರೆ. ಅದಕ್ಕೆ ಮೊದಲು ನೀನು ಬಾ. ನಿನ್ನ ಪುಟದಲ್ಲಿ ಎರಡು ಸಾಲು ಹಾಕು" ಅಂತ ಫೋನು.

ಹೋದೆ. ಲೋಟದಲ್ಲಿ ಮಸಿಯಂಥ ಕಪ್ಪು, ಮೇಲೆ ಹಾಲು ಹಾಕಿದ ಕಾಫಿ ಬಣ್ಣದ ನೊರೆ. ಹೆಸರು ಬ್ಲ್ಯಾಕ್ ಇಂಡಿಯಾ ಪೇಲ್ ಏಲ್. 'ಪೇಲ್' ಅಂದರೆ ತಿಳಿಬಣ್ಣ. ಅದಕ್ಕೆ 'ಬ್ಲ್ಯಾಕ್' ಅಂತ ಬೇರೆ! ಹಿಂದೆ ಇಂಗ್ಲೆಂಡಿನಿಂದ ಹಡಗಿನಲ್ಲಿ ನಮ್ಮ ದೇಶಕ್ಕೆ ಬರುತ್ತಿದ್ದ ಬಿಯರಿಗೆ ಹಾಪ್ಸ್ ಎಂಬ ಬಳ್ಳಿಯ ಹೂ ಧಾರಾಳವಾಗಿ ಬೀಳುತ್ತಿತ್ತು, ಕೆಡದಿರಲಿ ಅಂತ. ಇಂಡಿಯಾ ಹೆಸರು ಅಂಟಿಕೊಂಡದ್ದು ಹಾಗೆ. ಅದರ ಈ ಕಪ್ಪು ಅವತಾರ ಮಾತ್ರ ಅಮೆರಿಕದ್ದು. 1990ರ ದಶಕದ ಮೊದಲಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಊರಿನ ತನ್ನ ಪಬ್ಬಿನಲ್ಲಿ ಗ್ರೆಗ್ ನೂನನ್ ಇಂಥದೊಂದನ್ನು ಮಾಡಿದ್ದ.

ತೀರಾ ತಣ್ಣಗಿದ್ದರೆ ನಾಲಿಗೆ ಜಡ. ಹತ್ತು ನಿಮಿಷ ಬಿಟ್ಟು ಮೂಸಿದೆ. ಅಬ್ಬಾ, ಎಂಥ ಎಂಟ್ರಿ! ಆಗತಾನೇ ಸುಲಿದ ಚಕ್ಕೋತದ ಸಿಪ್ಪೆ, ಹಿಂದೆ ಹಸಿ ಮರದ ಅಂಟಿನ ಘಮ. ಎಲ್ಲ ಹಾಪ್ಸ್ ಮಹಿಮೆ. ಕುದಿಯುವಾಗ ಮೊದಲೇ ಹಾಕಿದರೆ ಅದು ಕಹಿ ಬಿಡುತ್ತದೆ, ಕೊನೆಗೆ ಹಾಕಿದರೆ ಘಮ ಉಳಿಯುತ್ತದೆ. ಕಹಿಗೆ ಐ.ಬಿ.ಯು. ಅಂತ ಒಂದು ಅಳತೆ ಇದೆ. ಬಾರಿನ ಮಾಮೂಲಿ ಲಾಗರ್ ಬಿಯರು ಸಾಧಾರಣವಾಗಿ 20ರ ಕೆಳಗೆ. ಈ ಜಾತಿಯದ್ದು 50ರಿಂದ 90. ಮೊದಲ ಗುಟುಕಲ್ಲಿ ಹಾಗಲಕಾಯಿ ಗೊಜ್ಜಿನ ಹಾಗೆ ಕಹಿ ಹೊಡೆದು, ಹಿಂದೆಯೇ ಬೆಲ್ಲದಂಥ ಸಣ್ಣ ಸಿಹಿ. ಇಂಟರ್‌ವಲ್‌ವರೆಗೂ ಚಿತ್ರ ಸೂಪರ್!

ನುಂಗಿದ ಮೇಲೆ ಕೆಟ್ಟಿತು. ನಾಲಿಗೆಯ ಹಿಂಭಾಗದಲ್ಲಿ ಸೀದ ವಾಸನೆ, ತಳ ಹಿಡಿದ ಪಾಯಸದ ಹಾಗೆ. ಹಲ್ಲಿಗೆ ಒಗರು. ಚಕ್ಕೋತ ಮಂಗಮಾಯ! ಕಹಿ ಬೇರೆ, ಒಗರು ಬೇರೆ ಸ್ವಾಮಿ. ಈ ಬಿಯರಿನ ಗುಟ್ಟೇ ಅದು: ನೋಡಲು ಕಪ್ಪಗಿರಬೇಕು, ಸೀದಿರಬಾರದು. ಅದಕ್ಕೇ ಬಾರ್ಲಿಯ ಸಿಪ್ಪೆ ತೆಗೆದು ಹುರಿದ ಮಾಲ್ಟ್ ಅಂತ ಬರುತ್ತದೆ. ಅದನ್ನು ಸ್ವಲ್ಪವೇ ಹಾಕಿದರೂ ಬಣ್ಣ ಬರುತ್ತದೆ, ಒಗರು ಅಷ್ಟಾಗಿ ಇಳಿಯುವುದಿಲ್ಲ. ಇದನ್ನೆಲ್ಲ ನನಗೆ ಕಲಿಸಿದವನೂ ಅವನೇ!

"ಹೆಂಗಿದೆ?" ಅಂದ. ಕಣ್ಣು ನನ್ನ ಮುಖದ ಮೇಲೆ.

"ಫಸ್ಟ್ ಕ್ಲಾಸ್" ಅಂದಿದ್ದರೆ ಮುಗಿದಿತ್ತು. ಎರಡು ವರ್ಷದ ಹಿಂದೆ ಪರಿಚಯದವರ ಚಿತ್ರವೊಂದಕ್ಕೆ ಹೀಗೇ ದಾಕ್ಷಿಣ್ಯಕ್ಕೆ ಹೊಗಳಿ ಬರೆದಿದ್ದೆ. ಓದುಗನೊಬ್ಬ ಕಾರ್ಡು ಹಾಕಿದ: "ನಿಮ್ಮ ಮಾತು ನಂಬಿ ನಾವು ನಾಲ್ಕು ಜನ ಬಸ್ಸು ಹತ್ತಿ ಹೋದೆವು. ಟಿಕೆಟ್ ದುಡ್ಡು ಬೇಡ, ಬಸ್ ಚಾರ್ಜು ಕೊಡಿ ಸಾಕು." ಆ ಕಾರ್ಡು ಇನ್ನೂ ನನ್ನ ಡ್ರಾಯರಿನಲ್ಲಿದೆ.

"ಘಮ ಅದ್ಭುತ ಕಣೋ. ಆದರೆ ಕೊನೆಗೆ ಸೀದಿದೆ. ಒಗರಿದೆ. ಐದಕ್ಕೆ ಎರಡೂವರೆ" ಅಂದೆ.

ಮುಖ ಸಪ್ಪಗಾಯಿತು. ನನ್ನ ಲೋಟವನ್ನೇ ಎತ್ತಿ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತ. "ಸಿಪ್ಪೆ ತೆಗೆದ ಮಾಲ್ಟ್ ತರಿಸಿ ಅಂದಿದ್ದೆ. ದುಬಾರಿ, ಇರೋದನ್ನೇ ಹಾಕು ಅಂದ್ರು. ನಡೆಯುತ್ತೆ ಅಂತ ನಾನೂ ಸುಮ್ಮನಾದೆ." ಆಮೇಲೆ ಗೊಣಗಿದ, "ಸಂಜೆ ನಾನೇ ಹೇಳ್ತೀನಿ. ಇದನ್ನ ಹೊರಗೆ ಬಿಡೋದು ಬೇಡ."

ದುಡ್ಡು ತಗೊಳ್ಳಲಿಲ್ಲ. ಲೋಟದ ಕೆಳಗಿಟ್ಟು ಬಂದೆ. ಮುಂದಿನ ಟ್ಯಾಂಕು ಅವನ ಕೈಗೋ ಬೇರೆಯವರ ಕೈಗೋ, ಈ ಸಾಲು ಅಚ್ಚಿಗೆ ಹೋಗುವ ಹೊತ್ತಿಗೂ ತೀರ್ಮಾನವಾಗಿಲ್ಲ.