ಚಿತ್ರಪಟಗಳು: ಹಳೆಯವು ಕೆಲವು, ಹೊಸವು ಕೆಲವು



ಚಿತ್ರಪಟಗಳ ವಿಷಯವಾಗಿ ಉಪಾಧ್ಯಾಯನೊಬ್ಬನು ಬರೆಯಹೊರಟರೆ ನೀವು ಮೊದಲೇ ಮುಗುಳ್ನಗುವಿರಿ; ‘ಅವನ್ನು ನೋಡಬೇಡಿರಿ, ಓದಿಕೊಳ್ಳಿರಿ’ ಎಂಬ ಉಪದೇಶವೇ ಬರುವುದೆಂದು ನಿಮ್ಮ ಊಹೆ. ನನಗೆ ಅಂತಹ ಉದ್ದೇಶವಿಲ್ಲ. ನಾನೂ ನೋಡುವವನೇ. ಇದು ಪಂಡಿತರ ವಿಮರ್ಶೆಯಲ್ಲ. ಬಿಡುವಿನ ವೇಳೆಯಲ್ಲಿ ನಿಮ್ಮೊಡನೆ ಆಡಬೇಕೆಂದಿದ್ದ ನಾಲ್ಕು ಮಾತುಗಳು.

ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’. 1934ರಲ್ಲಿ ಬಂದ ಆ ಚಿತ್ರವು ತಯಾರಾದುದು ಬೆಂಗಳೂರಿನಲ್ಲಲ್ಲ, ನಮಗೆ ನೆರೆಯ ಕೊಲ್ಲಾಪುರದಲ್ಲಿ. ಕನ್ನಡದ ಚಿತ್ರಕ್ಕೆ ಮಾತು ಬಂದುದು ಹೊರನಾಡಿನಲ್ಲಿಯೇ ಎಂಬುದನ್ನು ಹೊರನಾಡಿನವರಾದ ನಾವು ಮರೆಯಲಾಗದು. ಅದರ ಪ್ರತಿ ಇಂದು ನೋಡಲು ದೊರೆಯುವುದಿಲ್ಲವಾದ್ದರಿಂದ ಗುಣದೋಷಗಳನ್ನು ಹೇಳುವಂತಿಲ್ಲ. ಆದರೂ ರಾಮನನ್ನು ಬಿಟ್ಟು ಇಂದ್ರಜಿತುವಿನ ಹೆಂಡತಿಯನ್ನು, ಅಂದರೆ ಸೋತವರ ಮನೆಯ ಸೊಸೆಯನ್ನು, ಕಥಾನಾಯಿಕೆಯಾಗಿ ಆರಿಸಿಕೊಂಡುದು ನನಗೆ ಬಹಳ ಮೆಚ್ಚುಗೆಯಾದ ವಿಷಯ.

ಬಿ. ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (1958) ನನ್ನ ವೃತ್ತಿಯವರಿಗೆಲ್ಲ ಪ್ರಿಯವಾದ ಚಿತ್ರ. ಏಕೆಂದರೆ, ಮಾಸ್ತರರ ಮನೆಯು ಕೈಬಿಟ್ಟು ಹೋಗುವ ಕಾಲಕ್ಕೆ ಅವರ ಹಳೆಯ ಶಿಷ್ಯನು ಪೋಲೀಸ್ ಅಧಿಕಾರಿಯಾಗಿ ಬಂದು ಅದನ್ನು ಉಳಿಸಿಕೊಡುತ್ತಾನೆ. ಇಂತಹ ಶಿಷ್ಯನ ಕನಸನ್ನು ಯಾವ ಮಾಸ್ತರನು ಕಂಡಿಲ್ಲ! (ನಿಮ್ಮಲ್ಲಿ ಯಾರಾದರೂ ಪೋಲೀಸ್ ಖಾತೆಗೆ ಸೇರುವವರಿದ್ದರೆ ನನಗೆ ಮೊದಲೇ ತಿಳಿಸಿರಿ.) ಆದರೆ ಈ ಭಾಗವು ಸಿಹಿ ಹೆಚ್ಚಾದ ಪಾಯಸದಂತಿದೆ. ಚಿತ್ರದ ನಿಜವಾದ ಸತ್ತ್ವವಿರುವುದು ಮಕ್ಕಳು ಮುಪ್ಪಿನ ತಂದೆಯನ್ನೊಂದು ಮನೆಯಲ್ಲಿ, ತಾಯಿಯನ್ನೊಂದು ಮನೆಯಲ್ಲಿ ಇಟ್ಟು ಅಗಲಿಸುವ ಭಾಗದಲ್ಲಿ. ಒಂದೇ ಖೋಲಿಯಲ್ಲಿ ಆರೇಳು ಜನ ಮಲಗುವ ಈ ನಗರದಲ್ಲಿ ಅಜ್ಜ ಊರಿನಲ್ಲಿ, ಅಜ್ಜಿ ಇಲ್ಲಿ ಎಂಬ ಮನೆಗಳು ನಿಮಗೆ ಹೊಸವಲ್ಲ. ಅಲ್ಲಿ ಮಕ್ಕಳು ಕೆಟ್ಟವರೇ ಆಗಿರಬೇಕೆಂದಿಲ್ಲ, ಸ್ಥಳವಿರುವುದಿಲ್ಲ. ಚಿತ್ರವು ಮಕ್ಕಳನ್ನೇ ದೂರಿ ಸುಮ್ಮನಾಗುತ್ತದೆ.

‘ಬೆಟ್ಟದ ಹೂವು’ (1985) ಚಿತ್ರವನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಎನ್. ಲಕ್ಷ್ಮೀನಾರಾಯಣ ಅವರ ನಿರ್ದೇಶನ. ಬಾಲಕ ರಾಮುವಿನ ಪಾತ್ರಕ್ಕಾಗಿ ಪುನೀತ್ ರಾಜಕುಮಾರರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಬಡ ಹುಡುಗನು ಕಾಡಿನ ಹೂಗಳನ್ನು ಹುಡುಕಿ ತಂದು ಮಾರಿ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಗ್ರಂಥವನ್ನು ಕೊಳ್ಳುವುದಕ್ಕಾಗಿ ಹಣವನ್ನು ಕೂಡಿಡುತ್ತಾನೆ. ಕಡೆಗೆ ಆ ಹಣವು ಪುಸ್ತಕಕ್ಕೆ ಹೋಗದೆ ಮನೆಯವರ ಚಳಿಯನ್ನು ತಡೆಯುವ ಕಂಬಳಿಗೆ ಹೋಗುತ್ತದೆ. ‘ಎಂತಹ ತ್ಯಾಗ!’ ಎಂದು ದೊಡ್ಡವರು ಕಣ್ಣೊರಸಿಕೊಳ್ಳುವರು. ನನಗೆ ಮಾತ್ರ ಅಲ್ಲಿ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು. ಒಂದು ಪುಸ್ತಕ ಮತ್ತು ಒಂದು ಕಂಬಳಿ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳೆಂದು ಹುಡುಗನೊಬ್ಬನಿಗೆ ಹೇಳುವ ಸ್ಥಿತಿ ಬರಲೇಬಾರದು. ಕೆಲಸ ಮಾಡಿ ಓದುವವರು ನಮ್ಮ ತರಗತಿಗಳಲ್ಲಿಯೂ ಇರುವುದರಿಂದ ಈ ಮಾತನ್ನು ಹೇಳುತ್ತಿದ್ದೇನೆ.

‘ಕಾಂತಾರ’ (2022) ಚಿತ್ರವನ್ನು ನೀವೆಲ್ಲರೂ ಬಲ್ಲಿರಿ. ತರಗತಿಯಲ್ಲಿ ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಹಿಂದಿಯಲ್ಲಿ ನೋಡಿದೆವೆಂದರು. ‘ಸರ್, ಹಿಂದಿಯಲ್ಲಿಯೂ ಕಥೆ ಅದೇ ಅಲ್ಲವೇ?’ ಎಂದು ಒಬ್ಬನು ಕೇಳಿದನು. ಕಥೆ ಅದೇ, ದನಿ ಅದೇ ಅಲ್ಲ. ಪಂಜುರ್ಲಿ, ಗುಳಿಗ ಎಂಬ ಹೆಸರುಗಳನ್ನು ನಿಮ್ಮಲ್ಲನೇಕರು ಕೋಲ ನೋಡಲು ಊರಿಗೆ ಹೋದಾಗ ಅಜ್ಜಿಯ ಬಾಯಿಂದಲೇ ಕೇಳಿದವರು. ಕರಾವಳಿಯ ಆ ಮಾತಿನ ಏರಿಳಿತವನ್ನು ಡಬ್ಬಿಂಗ್ ಮಾಡುವವರು ಎಲ್ಲಿಂದ ತಂದಾರು? ಹಿಂದಿಯವರು ಹಿಂದಿಯಲ್ಲಿ ನೋಡುವುದು ಸಹಜ. ತನ್ನ ಅಜ್ಜಿಯ ಮನೆಯ ಕಥೆಯನ್ನು ಭಾಷಾಂತರದಲ್ಲಿ ಕೇಳುವ ಮೊಮ್ಮಗನ ಪಾಡೇ ಬೇರೆ.

‘ತಿಥಿ’ (2016) ನಿಮಗೆ ರುಚಿಸದು, ಬಲ್ಲೆ. ಮಂಡ್ಯದ ಕಡೆಯ ಹಳ್ಳಿಯವರೇ ನಟಿಸಿದ್ದಾರೆ, ಹಾಡಿಲ್ಲ, ಹೊಡೆದಾಟವಿಲ್ಲ. ಬೈಗುಳಗಳಿವೆ, ಅವನ್ನು ಕಲಿಯಬೇಡಿರಿ. ದೊಡ್ಡವರಾದ ಮೇಲೆ ನೋಡಿರಿ.

ಇನ್ನು ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ (2018). ಇದು ನಮ್ಮ ಕಥೆಯೇ ಎನ್ನಬಹುದು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಮುಚ್ಚಿಹೋಗಲಿರುವ ಕನ್ನಡ ಶಾಲೆ. ಕನ್ನಡವರಿಯದ ಮಲಯಾಳಿ ಗಣಿತದ ಮೇಷ್ಟರು. ಕಡೆಗೆ ನ್ಯಾಯಾಲಯದಲ್ಲಿ ಅನಂತನಾಗ್ ಅವರ ವಾದ, ಜಯ. ನಾನೂ ನಕ್ಕೆನು, ಚಪ್ಪಾಳೆ ತಟ್ಟಿದೆನು. ಆದರೂ ಎರಡು ಆಕ್ಷೇಪಗಳುಂಟು. ಆ ಮಲಯಾಳಿ ಮೇಷ್ಟರನ್ನು ಅಷ್ಟೊಂದು ಹಾಸ್ಯಾಸ್ಪದನನ್ನಾಗಿ ಮಾಡಬೇಕಾಗಿರಲಿಲ್ಲ. ನಾವು ಮರಾಠಿಗರ ನಡುವೆ ಬಾಳುವವರು. ನಮ್ಮ ಕನ್ನಡದ ಉಚ್ಚಾರವನ್ನು ಯಾರಾದರೂ ಹಾಗೆ ಅಣಕಿಸಿದರೆ ನಮಗೆ ಹೇಗಾದೀತು?

ಎರಡನೆಯದು ಇದಕ್ಕಿಂತ ದೊಡ್ಡದು. ಚಿತ್ರದಲ್ಲಿ ಶಾಲೆಯ ಶತ್ರುಗಳು ಹೊರಗಿನವರು. ಮುಂಬಯಿಯಲ್ಲಿ ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚಿದಾಗ ಅಂತಹ ಶತ್ರುಗಳನ್ನು ನಾನು ಹೆಚ್ಚಾಗಿ ಕಾಣಲಿಲ್ಲ. ನಾನು ಕಂಡುದು ಜೂನ್ ತಿಂಗಳಲ್ಲಿ ಕಚೇರಿಯ ಮೇಜಿನೆದುರು ತಲೆ ತಗ್ಗಿಸಿ ನಿಂತು, ‘ಸರ್, ತಪ್ಪು ತಿಳಿಯಬೇಡಿ, ಚಿಕ್ಕವಳನ್ನು ಇಂಗ್ಲಿಷ್ ಶಾಲೆಗೆ ಹಾಕುತ್ತೇವೆ’ ಎಂದು ದಾಖಲೆ ಪತ್ರವನ್ನು ಕೇಳುವ ತಂದೆಯನ್ನು. ಅವನೂ ಕನ್ನಡ ಶಾಲೆಯಲ್ಲಿ ಓದಿದವನೇ. ಮಗಳ ಹೊಟ್ಟೆಪಾಡಿನ ಚಿಂತೆ ಅವನದು. ಅವನ ವಿರುದ್ಧ ಯಾವ ನ್ಯಾಯಾಲಯದಲ್ಲಿ ವಾದಿಸುವುದು? ಆ ತಂದೆಯನ್ನು ಖಳನನ್ನಾಗಿ ಮಾಡದೆ ತೋರಿಸುವ ಚಿತ್ರವೊಂದನ್ನು ಯಾರಾದರೂ ತೆಗೆದರೆ ಮೊದಲ ದಿನವೇ ಟಿಕೇಟು ತೆಗೆಯುವೆನು. ನಿಮ್ಮಲ್ಲಿ ಬರುವವರು ಹೆಸರು ಕೊಡಿರಿ.