ನಾಣ್ಯ ಖರ್ಚಾಗಬೇಕು

ತರಕಾರಿ ಗಾಡಿಗೂ ಕ್ಯೂಆರ್ ಕೋಡ್ ನೇತುಬಿದ್ದಿರುವ ಈ ಕಾಲದಲ್ಲಿ ಸ್ವಾತಂತ್ರ್ಯದ ನೆನಪಿಗೆಂದು ಸರ್ಕಾರಗಳು ನಾಣ್ಯ ಟಂಕಿಸುವುದು ಶುದ್ಧ ದುಂದು ಎನ್ನುವವರು ಹೆಚ್ಚುತ್ತಿದ್ದಾರೆ. ಅರ್ಧ ಒಪ್ಪುತ್ತೇನೆ. ಮಖಮಲ್ಲಿನ ಡಬ್ಬಿಯಲ್ಲಿಟ್ಟು ಮುಖಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಮಾರುವ ಬೆಳ್ಳಿ ಬಿಲ್ಲೆ ದುಂದೇ ಸರಿ. ಕೈಯಿಂದ ಕೈಗೆ ಓಡಾಡುವ ನಾಣ್ಯದ ಮಾತು ಬೇರೆ. ಕಳೆದುಕೊಂಡ ಸ್ವಾತಂತ್ರ್ಯವನ್ನು ಮರಳಿ ಪಡೆದ ದೇಶಕ್ಕಂತೂ ಅದು ಯಾವ ಸ್ಮಾರಕಕ್ಕೂ ಕಡಿಮೆಯಲ್ಲ.

ಲಾಟ್ವಿಯಾವನ್ನೇ ನೋಡಿ. 1918ರಲ್ಲಿ ಸ್ವತಂತ್ರವಾದ ಈ ಪುಟ್ಟ ಬಾಲ್ಟಿಕ್ ದೇಶ 1929ರಲ್ಲಿ 5 ಲಾಟ್ಸ್‌ನ ಬೆಳ್ಳಿ ನಾಣ್ಯ ಹೊರತಂದಿತು. 25 ಗ್ರಾಂ ತೂಕ. ಒಂದು ಬದಿಯಲ್ಲಿ ಹಳ್ಳಿಯ ಉಡುಗೆ ತೊಟ್ಟು ಹೆಗಲಿಗೆ ತೆನೆ ಒರಗಿಸಿಕೊಂಡ ಹುಡುಗಿ. ಚಿತ್ರಿಸಿದವರು ರಿಹಾರ್ಡ್ಸ್ ಜಾರಿನ್ಷ್. ರೂಪದರ್ಶಿ, ಸರ್ಕಾರಿ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ ಜೆಲ್ಮಾ ಬ್ರವೆರೆ. ಜನರ ಬಾಯಲ್ಲಿ ಆ ಹುಡುಗಿ ಮಿಲ್ಡಾ ಆದಳು. 1940ರಲ್ಲಿ ಸೋವಿಯತ್ ಸೇನೆ ದೇಶವನ್ನು ಆಕ್ರಮಿಸಿತು, ಮರುವರ್ಷ ಲಾಟ್ಸ್ ರದ್ದಾಯಿತು. ರೂಬಲ್ ಎಣಿಸುತ್ತಿದ್ದ ಮನೆಗಳಲ್ಲಿ ಮಿಲ್ಡಾ ಗುಟ್ಟಾಗಿ ಉಳಿದಳು. ಕೆಲವರು ಅವಳನ್ನು ಬ್ರೋಚ್ ಮಾಡಿಸಿಕೊಂಡರು. 2014ರಲ್ಲಿ ಯೂರೋ ಬಂದಾಗ 1 ಮತ್ತು 2 ಯೂರೋ ನಾಣ್ಯಗಳ ಮೇಲೆ ಲಾಟ್ವಿಯಾ ಅವಳನ್ನೇ ಕೂರಿಸಿತು. 2 ಯೂರೋದ ಅಂಚಿನಲ್ಲಿ ರಾಷ್ಟ್ರಗೀತೆಯ ಶೀರ್ಷಿಕೆ, ಹಳೆಯ ನಾಣ್ಯದಲ್ಲಿದ್ದ ಹಾಗೆಯೇ. 1918ರ ದೇಶವೇ 1991ರಲ್ಲಿ ಮರಳಿ ಸ್ವತಂತ್ರವಾದ ದೇಶ ಎಂದು ಕಾನೂನು ಪಂಡಿತರು ಪುಟಗಟ್ಟಲೆ ವಾದಿಸಿದ್ದಾರೆ. ಬ್ರೆಡ್ಡಿನಂಗಡಿಗೆ ಹೋದವನಿಗೆ ಅದನ್ನು ಹೇಳುವುದು ಈ ಚಿಲ್ಲರೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಮಿಲ್ಡಾ ಉಳಿದದ್ದು ಖರ್ಚಾಗಿ ಅಲ್ಲವಲ್ಲ, ಬಚ್ಚಿಟ್ಟದ್ದರಿಂದ. ಹಾಗಾದರೆ ಡಬ್ಬಿಯೇ ಮೇಲಲ್ಲವೇ? ತಳ್ಳಿಹಾಕುವ ಮಾತಲ್ಲ. ಆದರೆ ಡಬ್ಬಿಗೆಂದೇ ಹುಟ್ಟಿದ ನಾಣ್ಯವನ್ನು ಯಾರು ಅಪಾಯ ಮೈಮೇಲೆ ಎಳೆದುಕೊಂಡು ಬಚ್ಚಿಡುತ್ತಾರೆ? ಮಿಲ್ಡಾ ಸಂಬಳದ ದುಡ್ಡಾಗಿದ್ದಳು, ಸಂತೆಯ ದುಡ್ಡಾಗಿದ್ದಳು. ದಿನವೂ ಬಳಸಿದ್ದರಿಂದಲೇ ಬಿಡಲು ಮನಸ್ಸಾಗಲಿಲ್ಲ. ಇನ್ನು, ಮುಂದೆ ರೇಟು ಏರುತ್ತದೆಂದು ಸ್ಮರಣಾರ್ಥ ನಾಣ್ಯ ಕೊಳ್ಳುವವರಿಗೆ ಚಿನ್ನದಂಗಡಿ ಇದ್ದೇ ಇದೆ.

ನಮ್ಮಲ್ಲಿ ಎರಡೂ ಬಗೆಯವಿವೆ. ಸ್ವಾತಂತ್ರ್ಯದ ಅಮೃತ ಮಹೋತ್ಸವಕ್ಕೆ 2022ರಲ್ಲಿ 1, 2, 5, 10, 20 ರೂಪಾಯಿಯ ನಾಣ್ಯಗಳು ಚಲಾವಣೆಗೆಂದೇ ಬಂದವು. ಮರುವರ್ಷ ಹೊಸ ಸಂಸತ್ ಭವನದ ಹೆಸರಲ್ಲಿ ಬಂದ 75 ರೂಪಾಯಿಯದು ಸಂಗ್ರಾಹಕರ ಸರಕು. ನನ್ನ ಮತ ಮೊದಲಿನವಕ್ಕೆ, ಅದರಲ್ಲೂ ಕಂಡಕ್ಟರ್ ಚೀಲದಲ್ಲಿ ಸವೆಯುವ 2 ರೂಪಾಯಿಗೆ.